ನೋಡುವ ಊರು ಬೇರೆ, ಬಾಳುವ ಊರು ಬೇರೆ: ಕನಸಿನ ಜಾಗ ಆರಿಸಿಕೊಳ್ಳುವುದು ಹೇಗೆ?

ಫೋನಿನಲ್ಲಿ ಒಂದು ಫೋಟೋ ಬರುತ್ತದೆ. ನೀಲಿ ಸಮುದ್ರ, ಬಿಳಿ ಗೋಡೆ, ಬಾಲ್ಕನಿಯಲ್ಲಿ ಒಂದು ಖಾಲಿ ಕುರ್ಚಿ. ಇಲ್ಲೇ ಹೋಗಿ ಇದ್ದುಬಿಡಬೇಕು ಅನ್ನಿಸುತ್ತದೆ, ಅಲ್ವಾ? ತಪ್ಪೇನಿಲ್ಲ. ಆದರೆ ಆ ಕುರ್ಚಿಯಲ್ಲಿ ದಿನಕ್ಕೆ ಎಷ್ಟು ಹೊತ್ತು ಕೂರುತ್ತೀರಿ? ಹೆಚ್ಚೆಂದರೆ ಒಂದು ಗಂಟೆ. ಉಳಿದ ಇಪ್ಪತ್ಮೂರು ಗಂಟೆ ನಿದ್ದೆ, ಕೆಲಸ, ಅಡುಗೆ, ಬಟ್ಟೆ ಒಗೆಯೋದು, ನಲ್ಲಿ ಸೋರಿದರೆ ಪ್ಲಂಬರ್ ಹುಡುಕೋದು. ಫೋಟೋದಲ್ಲಿ ಪ್ಲಂಬರ್ ಇರುವುದಿಲ್ಲ.

ನಾಲ್ಕು ದಿನ ನೋಡಿ ಬರುವ ಊರನ್ನು ಆರಿಸುವುದು ಸುಲಭ. ಬಾಳುವ ಊರನ್ನು ಆರಿಸಲು ಒಂದು ಕ್ರಮ ಬೇಕು. ಹೆಚ್ಚಿನವರು ಮೊದಲು ಮನೆ ನೋಡುತ್ತಾರೆ, ಆಮೇಲೆ ಖರ್ಚು ಲೆಕ್ಕ ಹಾಕುತ್ತಾರೆ, ಕೊನೆಗೆ ವೀಸಾ ಬಗ್ಗೆ ಕೇಳುತ್ತಾರೆ. ಇದು ಪೂರ್ತಿ ತಲೆಕೆಳಗು. ಕೆಳಗಿನ ಹೆಜ್ಜೆಗಳನ್ನು ಇದೇ ಸಾಲಿನಲ್ಲಿ ಇಟ್ಟರೆ ತುಂಬಾ ಸಮಯ ಉಳಿಯುತ್ತದೆ.

1. ಮೊದಲು ನಿಮ್ಮ ದಿನಚರಿ ಬರೆಯಿರಿ

ಊರಿನ ಹೆಸರು ಇನ್ನೂ ಬೇಡ. ಒಂದು ನೋಟ್‌ಬುಕ್ ತಗೊಂಡು, ಆ ಹೊಸ ಜಾಗದಲ್ಲಿ ಒಂದು ಮಾಮೂಲಿ ಕೆಲಸದ ದಿನ ಹೇಗಿರಬೇಕು ಅಂತ ಬೆಳಗಿನಿಂದ ರಾತ್ರಿಯವರೆಗೆ ಬರೆಯಿರಿ. ಎಷ್ಟು ಗಂಟೆಗೆ ಏಳುತ್ತೀರಿ? ಸಾಮಾನು ತರಲು ನಡೆದು ಹೋಗುತ್ತೀರಾ, ಕಾರು ತೆಗೆಯಬೇಕಾ? ಸಂಜೆ ಯಾರ ಜೊತೆ ಮಾತಾಡುತ್ತೀರಿ? ಬರೆದ ಮೇಲೆ, ಇದಿಲ್ಲದೆ ಆಗೋದೇ ಇಲ್ಲ ಅನ್ನಿಸುವ ಮೂರು ಸಾಲುಗಳಿಗೆ ಅಡಿಗೆರೆ ಹಾಕಿ.

ಇಲ್ಲೇ ಹಲವರಿಗೆ ಒಂದು ಆಶ್ಚರ್ಯ ಕಾದಿರುತ್ತದೆ. ಜನರಿಂದ ದೂರ, ದ್ವೀಪದಲ್ಲೊಂದು ಒಂಟಿ ಮನೆ ಬೇಕು ಅನ್ನುವವರ ದಿನಚರಿ ತೆರೆದರೆ, ಸಂಜೆಯ ಸಾಲುಗಳೆಲ್ಲ ಸ್ನೇಹಿತರಿಂದಲೇ ತುಂಬಿರುತ್ತವೆ. ನಿಜವಾದ ಏಕಾಂತ ಹೇಗಿರುತ್ತದೆ ಅಂತ ತಿಳಿಯಬೇಕಿದ್ದರೆ ದಕ್ಷಿಣ ಅಟ್ಲಾಂಟಿಕ್‌ನ ಟ್ರಿಸ್ಟನ್ ಡ ಕುನ್ಹಾ ದ್ವೀಪವನ್ನು ನೋಡಿ. ಇರುವವರು 250 ಜನಕ್ಕಿಂತ ಕಡಿಮೆ. ವಿಮಾನ ನಿಲ್ದಾಣ ಇಲ್ಲ. ಕೇಪ್‌ಟೌನ್‌ನಿಂದ ಹಡಗಿನಲ್ಲಿ ಸುಮಾರು ಒಂದು ವಾರದ ದಾರಿ. ಜನವಸತಿ ಇರುವ ಹತ್ತಿರದ ಜಾಗ ಅಂದರೆ ಸೇಂಟ್ ಹೆಲೆನಾ, ಅದೇ 2,400 ಕಿಲೋಮೀಟರ್ ದೂರ. ಅಂದಹಾಗೆ, ಹೊರಗಿನವರಿಗೆ ಅಲ್ಲಿ ಜಾಗ ಮಾರುವುದೂ ಇಲ್ಲ.

ಇಬ್ಬರು ಸೇರಿ ಹೋಗುವುದಾದರೆ ಬೇರೆ ಬೇರೆ ಕೂತು ಬರೆಯಿರಿ. ಎರಡೂ ಪಟ್ಟಿ ಒಂದೇ ಥರ ಇದ್ದರೆ ಯಾರೋ ಒಬ್ಬರು ಕಾಪಿ ಹೊಡೆದಿದ್ದಾರೆ ಅಂತಲೇ ಅರ್ಥ.

2. ರ‍್ಯಾಂಕಿಂಗ್ ಪಟ್ಟಿಗಳನ್ನು ಅನುಮಾನದಿಂದ ಓದಿ

ವರ್ಷಕ್ಕೊಮ್ಮೆ "ವಾಸಕ್ಕೆ ಯೋಗ್ಯವಾದ ನಗರಗಳು" ಅಂತ ಪಟ್ಟಿ ಬರುತ್ತದೆ. ಎಲ್ಲರೂ ಹೆಚ್ಚು ಹೇಳುವುದು ಬ್ರಿಟನ್‌ನ ಸಂಶೋಧನಾ ಸಂಸ್ಥೆ ಎಕನಾಮಿಸ್ಟ್ ಇಂಟೆಲಿಜೆನ್ಸ್ ಯೂನಿಟ್‌ನ ಪಟ್ಟಿ. ಅದರಲ್ಲಿ 2011ರಿಂದ 2017ರವರೆಗೆ ಸತತ ಏಳು ವರ್ಷ ಮೆಲ್ಬರ್ನ್ ಮೊದಲು. 2022ರಿಂದ ಮೂರು ವರ್ಷ ವಿಯೆನ್ನಾ. 2025ರಲ್ಲಿ ಕೋಪನ್‌ಹೇಗನ್. 173 ನಗರಗಳನ್ನು ಭದ್ರತೆ, ಆರೋಗ್ಯ ಸೇವೆ, ಸಂಸ್ಕೃತಿ ಮತ್ತು ಪರಿಸರ, ಶಿಕ್ಷಣ, ಮೂಲಸೌಕರ್ಯ ಎಂಬ ಐದು ಬಾಬ್ತಿನಲ್ಲಿ ಅಳೆಯುತ್ತಾರೆ.

ಇದರಲ್ಲಿ ಏನಿಲ್ಲ ಅಂತ ಗಮನಿಸಿದಿರಾ? ಖರ್ಚು. ಬಾಡಿಗೆ ಎಷ್ಟು, ಜೀವನ ಎಷ್ಟು ದುಬಾರಿ ಅನ್ನೋದು ಈ ಅಂಕದಲ್ಲಿ ಸೇರುವುದಿಲ್ಲ. ಕಂಪನಿಗಳು ತಮ್ಮ ನೌಕರರನ್ನು ಬೇರೆ ದೇಶಕ್ಕೆ ಕಳಿಸುವಾಗ ಎಷ್ಟು ಭತ್ಯೆ ಕೊಡಬೇಕು ಅಂತ ತೀರ್ಮಾನಿಸಲು ಇಂಥ ಪಟ್ಟಿಗಳನ್ನು ಬಳಸುತ್ತವೆ. ಮನೆ ಬಾಡಿಗೆ ಕಂಪನಿ ಕಟ್ಟುತ್ತೆ ಅಂದರೆ ಯಾವ ಊರಾದರೂ ಚೆನ್ನಾಗಿಯೇ ಇರುತ್ತದೆ ಬಿಡಿ.

ಹಾಗಂತ ಪಟ್ಟಿ ದಂಡ ಅಂತಲ್ಲ. ಒಂದು ಊರು ಯಾಕೆ ಮೇಲಿದೆ ಅಂತ ಕೆದಕಿ ನೋಡಿ. ವಿಯೆನ್ನಾದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನ ನಗರಾಡಳಿತದ ಅಥವಾ ಸರ್ಕಾರದ ನೆರವಿನ ಮನೆಗಳಲ್ಲಿ ಇದ್ದಾರೆ. 1930ರಲ್ಲಿ ಮುಗಿದ ಕಾರ್ಲ್ ಮಾರ್ಕ್ಸ್ ಹೋಫ್ ಎಂಬ ಒಂದೇ ವಸತಿ ಕಟ್ಟಡ ಒಂದು ಕಿಲೋಮೀಟರಿಗಿಂತ ಉದ್ದ ಇದೆ. ಮನೆ ಬಾಡಿಗೆ ಕೈಗೆಟುಕುವ ಹಾಗಿರುವುದಕ್ಕೆ ನೂರು ವರ್ಷದ ಈ ನೀತಿಯೇ ಕಾರಣ. ಆದರೆ ನಗರಾಡಳಿತದ ಮನೆ ನಿನ್ನೆ ಬಂದವರಿಗೆ ಸಿಗುವುದಿಲ್ಲ. ಅರ್ಜಿ ಹಾಕುವ ಮೊದಲೇ ಆ ಊರಿನಲ್ಲಿ ಕೆಲ ಕಾಲ ಇದ್ದಿರಬೇಕು. ಊರನ್ನು ಮೇಲೇರಿಸಿದ ಸೌಕರ್ಯ ಹೊಸಬರ ಪಾಲಿಗೂ ಬರುತ್ತಾ ಅನ್ನುವುದು ಕೇಳಲೇಬೇಕಾದ ಪ್ರಶ್ನೆ.

3. ಇರೋಕೆ ಬಿಡ್ತಾರಾ?

ಇಲ್ಲಿಗೆ ನಿಮ್ಮ ಕೈಯಲ್ಲಿ ಐದಾರು ಊರುಗಳ ಹೆಸರು ಇರಬಹುದು. ಈಗಲೇ ವೀಸಾ ನೋಡಿ. ಅರ್ಧ ಹೆಸರು ಇಲ್ಲೇ ಉದುರಿಹೋಗುತ್ತವೆ.

ಪ್ರವಾಸಿ ವೀಸಾದಲ್ಲಿ ಬಾಳಲು ಆಗುವುದಿಲ್ಲ. ಒಂದೇ ವೀಸಾದಲ್ಲಿ ಓಡಾಡಬಹುದಾದ, ಯುರೋಪಿನ ಷೆಂಗೆನ್ ವಲಯದ 29 ದೇಶಗಳಲ್ಲಿ ಸಂದರ್ಶಕರಿಗೆ ಯಾವುದೇ 180 ದಿನಗಳಲ್ಲಿ 90 ದಿನ ಮಾತ್ರ. ಇದು ದೇಶಕ್ಕೆ 90 ದಿನ ಅಂತ ತಿಳಿದು ಮೋಸ ಹೋಗುವವರು ಜಾಸ್ತಿ. ಸ್ಪೇನ್‌ನಲ್ಲಿ 60 ದಿನ ಇದ್ದು ಇಟಲಿಗೆ ಹೋದರೆ ಉಳಿಯುವುದು 30 ದಿನ ಅಷ್ಟೇ. ಒಂದು ದಿನ ಹೊರಗೆ ಹೋಗಿ ಬಂದರೆ ಲೆಕ್ಕ ಮತ್ತೆ ಸೊನ್ನೆಯಿಂದ ಶುರುವಾಗುವುದೂ ಇಲ್ಲ.

ಹೆಚ್ಚು ಕಾಲ ಇರುವ ದಾರಿಗಳು ಹೆಚ್ಚುಕಡಿಮೆ ಇವು: ಅಲ್ಲೇ ಕೆಲಸ, ಓದು, ಮದುವೆ ಅಥವಾ ಕುಟುಂಬ, ಪಿಂಚಣಿಯಂಥ ಖಾಯಂ ಆದಾಯ, ಹೂಡಿಕೆ, ಮತ್ತೆ ಈಚೆಗೆ ಬಂದಿರುವ ಡಿಜಿಟಲ್ ನೊಮ್ಯಾಡ್ ವೀಸಾ. ಕೊನೆಯದು ಬೇರೆ ದೇಶದ ಸಂಬಳಕ್ಕೆ ಲ್ಯಾಪ್‌ಟಾಪಿನಲ್ಲಿ ಕೆಲಸ ಮಾಡುವವರಿಗೆ. 2020ರಲ್ಲಿ ಎಸ್ಟೋನಿಯಾ ಮತ್ತು ಬಾರ್ಬಡೋಸ್ ಶುರುಮಾಡಿದವು. ಆಮೇಲೆ ಹತ್ತಾರು ದೇಶಗಳು ಬಂದವು. ಹೆಸರು ಒಂದೇ ಆದರೂ ಒಳಗಿನ ಹೂರಣ ಬೇರೆ ಬೇರೆ. 2024ರಲ್ಲಿ ಬಂದ ಥಾಯ್ಲೆಂಡಿನ ಡಿಟಿವಿ ಹೆಸರಿನ ಇಂಥ ವೀಸಾ ಐದು ವರ್ಷದ್ದು, ಆದರೆ ಒಂದು ಸಲ ಒಳಗೆ ಬಂದರೆ 180 ದಿನ. ಬ್ಯಾಂಕಿನಲ್ಲಿ 5 ಲಕ್ಷ ಬಾತ್ ತೋರಿಸಬೇಕು. ಅದೇ ವರ್ಷ ಬಂದ ಜಪಾನಿನದು ಬರೀ ಆರು ತಿಂಗಳು. ವರ್ಷಕ್ಕೆ 1 ಕೋಟಿ ಯೆನ್ ಆದಾಯ ಇರಬೇಕು, ಅದೂ ಆಯ್ದ ದೇಶಗಳ ಪಾಸ್‌ಪೋರ್ಟ್ ಇದ್ದವರಿಗೆ.

ಹೂಡಿಕೆಯ ದಾರಿ ನಂಬಿಕೊಂಡವರು ಹುಷಾರು. ಮನೆ ಕೊಂಡರೆ ವಾಸದ ಪರವಾನಗಿ ಕೊಡುವ ಪದ್ಧತಿಯನ್ನು ಪೋರ್ಚುಗಲ್ 2023ರಲ್ಲಿ ನಿಲ್ಲಿಸಿತು. ಸ್ಪೇನ್ 2025ರ ಏಪ್ರಿಲ್‌ನಲ್ಲಿ ಹೂಡಿಕೆಗೆ ಕೊಡುತ್ತಿದ್ದ ತನ್ನ ಗೋಲ್ಡನ್ ವೀಸಾವನ್ನೇ ಮುಚ್ಚಿತು. ಮೂರು ವರ್ಷದ ಹಿಂದಿನ ವಿಡಿಯೋ ನೋಡಿ ಪ್ಲ್ಯಾನ್ ಮಾಡಬೇಡಿ. ಆ ದೇಶದ ವಲಸೆ ಇಲಾಖೆಯ ಅಥವಾ ದೂತಾವಾಸದ ವೆಬ್‌ಸೈಟೇ ನೋಡಿ.

ವೀಸಾನೇ ಬೇಡ ಅನ್ನುವ ಜಾಗವೂ ಒಂದಿದೆ. ನಾರ್ವೆಗೆ ಸೇರಿದ, ಉತ್ತರ ಧ್ರುವದ ಹತ್ತಿರದ ಸ್ವಾಲ್‌ಬಾರ್ಡ್ ದ್ವೀಪಸಮೂಹ. 1920ರ ಒಪ್ಪಂದದಿಂದ ಬೆಳೆದು ಬಂದ ಪದ್ಧತಿಯಿಂದಾಗಿ ಅಲ್ಲಿ ಯಾವ ದೇಶದವರಾದರೂ ವೀಸಾ, ಕೆಲಸದ ಪರ್ಮಿಟ್ ಇಲ್ಲದೆ ಇರಬಹುದು. ಕೇಳಲು ಸ್ವರ್ಗ. ಆದರೆ ಹೋಗುವ ದಾರಿ ನಾರ್ವೆ ಮೂಲಕ, ಹಾಗಾಗಿ ಷೆಂಗೆನ್ ವೀಸಾ ಬೇಕಾದವರಿಗೆ ಅದು ಬೇಕೇ ಬೇಕು. ನಿಮ್ಮ ಖರ್ಚು ನೀವೇ ನೋಡಿಕೊಳ್ಳಲು ಆಗದಿದ್ದರೆ ಅಲ್ಲಿನ ಗವರ್ನರ್ ವಾಪಸ್ ಕಳಿಸಬಹುದು. ಊರು ಬಿಟ್ಟು ಹೊರಗೆ ಹೋಗುವಾಗ ಹಿಮಕರಡಿಯನ್ನು ಹೆದರಿಸಿ ಓಡಿಸುವ ಸಲಕರಣೆ ಜೊತೆಗಿರಬೇಕು. ಅಲ್ಲಿನ ಮುಖ್ಯ ಊರು ಲಾಂಗ್‌ಯಿಯರ್‌ಬ್ಯೆನ್‌ನಲ್ಲಿ ಆಸ್ಪತ್ರೆ ಚಿಕ್ಕದು. ಬಸುರಿಯರು ಹೆರಿಗೆಗೆ ಕೆಲವು ವಾರ ಮುಂಚೆಯೇ ನಾರ್ವೆಯ ಮುಖ್ಯ ಭೂಭಾಗಕ್ಕೆ ಹೋಗಬೇಕು. ವಯಸ್ಸಾದವರನ್ನು ನೋಡಿಕೊಳ್ಳುವ ವ್ಯವಸ್ಥೆಯೂ ಅಲ್ಲಿಲ್ಲ.

4. ಆ ಊರಿನ ಕೆಟ್ಟ ತಿಂಗಳು ಯಾವುದು?

ನನ್ನ ಪ್ರಕಾರ ಇಡೀ ಹುಡುಕಾಟದಲ್ಲಿ ಅತಿ ಮುಖ್ಯ ಪ್ರಶ್ನೆ ಇದು. ಪ್ರತಿ ಊರಿಗೂ ಒಂದು ಕೆಟ್ಟ ತಿಂಗಳು ಇರುತ್ತದೆ, ಮತ್ತು ಪ್ರವಾಸಿಗರು ಆ ತಿಂಗಳಲ್ಲಿ ಬರುವುದಿಲ್ಲ. ಅದಕ್ಕೇ ಫೋಟೋದಲ್ಲಿ ಅದು ಕಾಣುವುದೂ ಇಲ್ಲ.

ಥಾಯ್ಲೆಂಡಿನ ಚಿಯಾಂಗ್ ಮಾಯ್ ಲ್ಯಾಪ್‌ಟಾಪ್ ಕೆಲಸದವರ ಅಚ್ಚುಮೆಚ್ಚಿನ ಊರು. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಸುತ್ತಲಿನ ಹೊಲ, ಕಾಡುಗಳಿಗೆ ಬೆಂಕಿ ಬಿದ್ದು ಹೊಗೆ ಕಣಿವೆಯಲ್ಲೇ ನಿಲ್ಲುತ್ತದೆ. ಮಾರ್ಚ್‌ನ ಕೆಲವು ದಿನ ಜಗತ್ತಿನ ಅತಿ ಕೆಟ್ಟ ಗಾಳಿಯ ನಗರಗಳ ಸಾಲಿನಲ್ಲಿ ಅದರ ಹೆಸರು ಎಲ್ಲಕ್ಕಿಂತ ಮೇಲಿರುತ್ತದೆ. ಆಸ್ತಮಾ ಇರುವವರಿಗೆ ಈ ಒಂದು ಮಾಹಿತಿ ಸಾಕು.

ಪೆರುವಿನ ಲಿಮಾದಲ್ಲಿ ಮಳೆಯೇ ಬರುವುದಿಲ್ಲ ಅನ್ನಬಹುದು. ಸರಿ, ಬಿಸಿಲು ಜಾಸ್ತಿ ಇರುತ್ತೆ ಅಂದುಕೊಳ್ಳುತ್ತೀರಿ. ಆದರೆ ತಣ್ಣನೆಯ ಸಮುದ್ರ ಪ್ರವಾಹದಿಂದಾಗಿ ಜೂನ್‌ನಿಂದ ಅಕ್ಟೋಬರ್‌ವರೆಗೆ ಆಕಾಶ ಬೂದಿ ಬಣ್ಣದ ಕಂಬಳಿ ಹೊದ್ದ ಹಾಗೆ ಇರುತ್ತದೆ. ನಾರ್ವೆಯ ಬರ್ಗನ್‌ನಲ್ಲಿ ವರ್ಷಕ್ಕೆ 200ಕ್ಕೂ ಹೆಚ್ಚು ದಿನ ಮಳೆ. ಅದೇ ದೇಶದ ಟ್ರೊಮ್ಸೊದಲ್ಲಿ ನವೆಂಬರ್ ಕೊನೆಯಿಂದ ಜನವರಿ ಮಧ್ಯದವರೆಗೆ ಸೂರ್ಯ ಹುಟ್ಟುವುದೇ ಇಲ್ಲ. ಬೇಸಿಗೆಯಲ್ಲಿ ಸುಮಾರು ಎರಡು ತಿಂಗಳು ಮುಳುಗುವುದಿಲ್ಲ. ಕತ್ತಲೆಗೆ ಎಲ್ಲರೂ ಹೆದರುತ್ತಾರೆ. ರಾತ್ರಿ ಹನ್ನೆರಡಕ್ಕೂ ಬಿಸಿಲು ಇರುವಾಗ ಮಗುವನ್ನು ಮಲಗಿಸುವುದು ಹೇಗೆ ಅಂತ ಯಾರೂ ಯೋಚಿಸಿರುವುದಿಲ್ಲ.

ಎತ್ತರವನ್ನೂ ನೋಡಿ. ಕೊಲಂಬಿಯಾದ ಮೆಡೆಯಿನ್ ಸುಮಾರು 1,500 ಮೀಟರ್ ಎತ್ತರದಲ್ಲಿದೆ, ವರ್ಷವಿಡೀ ಹಿತವಾದ ಹವೆ. ಈಕ್ವೆಡಾರ್‌ನ ಕೀಟೋ 2,850 ಮೀಟರ್, ಬೊಲಿವಿಯಾದ ಲಾ ಪಾಜ್ ಸುಮಾರು 3,600. ಅಲ್ಲಿ ಮೊದಲ ವಾರ ಎರಡನೇ ಮಹಡಿಗೆ ಹತ್ತಿದರೂ ಏದುಸಿರು. ಹೃದಯದ ತೊಂದರೆ ಇರುವವರು ಡಾಕ್ಟರನ್ನು ಕೇಳದೆ ಟಿಕೆಟ್ ಮಾಡಬಾರದು.

ನನ್ನದೇ ಒಂದು ಅನುಭವ ಹೇಳುತ್ತೇನೆ. ಲಿಸ್ಬನ್ ಅಂದರೆ ಬಿಸಿಲೂರು ಅಂತ ನಂಬಿ ಜನವರಿಯಲ್ಲಿ ಒಂದು ಹಳೇ ಕಟ್ಟಡದಲ್ಲಿ ಮೂರು ವಾರ ಮನೆ ಹಿಡಿದಿದ್ದೆ. ಹೊರಗೆ ನಿಜವಾಗಿಯೂ ಚೆನ್ನಾಗಿತ್ತು. ಒಳಗೆ ಮಾತ್ರ ಕಲ್ಲಿನ ಗೋಡೆ, ಒಂದೇ ಗಾಜಿನ ಕಿಟಕಿ, ಹೀಟರ್ ಇಲ್ಲ. ಮನೆಯೊಳಗೆ ಬಂದಾಗ ಜಾಕೆಟ್ ಹಾಕಿಕೊಂಡು, ಹೊರಗೆ ಹೋಗುವಾಗ ತೆಗೆಯುತ್ತಿದ್ದೆ. ಕುರ್ಚಿಗಳ ಮೇಲೆ ಹರವಿದ ಬಟ್ಟೆ ನಾಲ್ಕು ದಿನವಾದರೂ ಒಣಗಲಿಲ್ಲ. ಕಪಾಟಿನ ಹಿಂದೆ ಕಪ್ಪು ಬೂಷ್ಟು. ಮಾಲೀಕರಿಗೆ ತೋರಿಸಿದರೆ, "ಕಿಟಕಿ ತೆಗೆದಿಡಿ" ಅಂದರು! ಅವತ್ತಿನಿಂದ ಯಾವ ಊರಿನ ಮನೆಯ ಬಗ್ಗೆ ವಿಚಾರಿಸಿದರೂ ನನ್ನ ಮೊದಲ ಪ್ರಶ್ನೆ, ಚಳಿಗಾಲದಲ್ಲಿ ಬಟ್ಟೆ ಎಲ್ಲಿ ಒಣಗಿಸುತ್ತೀರಿ ಅಂತ. ಉತ್ತರದಲ್ಲಿ ಹೀಟರ್, ತೇವ, ಕರೆಂಟ್ ಬಿಲ್ ಎಲ್ಲ ಹೊರಬರುತ್ತದೆ.

5. ದುಡ್ಡಿನ ಲೆಕ್ಕ

ಅಗ್ಗದ ದೇಶ ಅಂದ ಕೂಡಲೇ ಉಳಿತಾಯದಲ್ಲೇ ಆರಾಮಾಗಿ ಇದ್ದುಬಿಡಬಹುದು ಅನ್ನಿಸುತ್ತದೆ. ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು ಅನ್ನುವ ಮಾತು ಎಲ್ಲ ದೇಶಕ್ಕೂ ಒಂದೇ. ತಿಂಗಳ ಖರ್ಚಿನ ಜೊತೆ ವೀಸಾ ನವೀಕರಣ, ವರ್ಷಕ್ಕೊಮ್ಮೆ ಊರಿಗೆ ಬಂದು ಹೋಗುವ ವಿಮಾನ, ಆರೋಗ್ಯ ವಿಮೆ ಇವನ್ನೂ ಬರೆದುಕೊಳ್ಳಿ. ಬ್ರಿಟನ್‌ನ ಹೆಚ್ಚಿನ ದೀರ್ಘಾವಧಿ ವೀಸಾಗಳಿಗೆ 2024ರಿಂದ ಆರೋಗ್ಯ ಶುಲ್ಕವೇ ವರ್ಷಕ್ಕೆ ಒಬ್ಬರಿಗೆ 1,035 ಪೌಂಡ್. ಅದನ್ನು ಎಲ್ಲ ವರ್ಷಗಳಿಗೂ ಸೇರಿಸಿ ಮುಂಚೆಯೇ ಕಟ್ಟಬೇಕು.

ತೆರಿಗೆ ಇನ್ನೊಂದು ಗಂಟು. ಬಹಳಷ್ಟು ದೇಶಗಳಲ್ಲಿ ವರ್ಷಕ್ಕೆ 183 ದಿನ ಇದ್ದರೆ ನೀವು ಅಲ್ಲಿನ ತೆರಿಗೆ ನಿವಾಸಿ. ಸಂಬಳ ಎಲ್ಲಿಂದ ಬಂದರೂ ಅವರಿಗೆ ಲೆಕ್ಕ ಕೊಡಬೇಕಾಗಬಹುದು. ಅಮೆರಿಕದ ಪೌರರು ಎಲ್ಲಿದ್ದರೂ ಅಮೆರಿಕಕ್ಕೂ ರಿಟರ್ನ್ ಸಲ್ಲಿಸಬೇಕು. ಎರಡು ದೇಶಗಳ ನಡುವೆ ತೆರಿಗೆ ಒಪ್ಪಂದ ಇದೆಯಾ ಅಂತ ಒಬ್ಬ ಲೆಕ್ಕಪರಿಶೋಧಕರನ್ನು ಕೇಳಿ. ಅವರಿಗೆ ಕೊಡುವ ಫೀಸಿನಲ್ಲಿ ಜಿಪುಣತನ ಬೇಡ.

ಗಡಿಯಾರವೂ ಖರ್ಚೇ. ಬಾಲಿಯಲ್ಲಿ ಕೂತು ನ್ಯೂಯಾರ್ಕ್ ಕಚೇರಿಗೆ ಕೆಲಸ ಮಾಡಿದರೆ 12ರಿಂದ 13 ಗಂಟೆ ವ್ಯತ್ಯಾಸ. ಬೆಳಗಿನ ಹತ್ತರ ಮೀಟಿಂಗ್ ಅಂದರೆ ನಿಮಗೆ ರಾತ್ರಿ ಹತ್ತೋ ಹನ್ನೊಂದೋ.

6. ಹೋಗಿ ಒಂದು ತಿಂಗಳು ಇದ್ದು ನೋಡಿ

ಕೆಟ್ಟ ತಿಂಗಳಲ್ಲೇ ಹೋಗಿ. ಹೋಟೆಲ್ ಬೇಡ, ಊರಿನವರು ಇರುವ ಬೀದಿಯಲ್ಲಿ ಬಾಡಿಗೆ ಮನೆ ಹಿಡಿಯಿರಿ. ನೋಡುವ ಜಾಗಗಳನ್ನೆಲ್ಲ ಮೊದಲ ಎರಡು ದಿನದಲ್ಲಿ ಮುಗಿಸಿಬಿಡಿ. ಆಮೇಲೆ ಕೆಲಸ ಶುರು. ಒಂದು ಸಿಮ್ ತಗೊಳ್ಳಿ. ಔಷಧಿ ಅಂಗಡಿಗೆ ಹೋಗಿ ನೀವು ದಿನಾ ತಗೊಳ್ಳುವ ಮಾತ್ರೆ ಸಿಗುತ್ತಾ ಕೇಳಿ. ಒಂದು ದಂತವೈದ್ಯರ ಅಪಾಯಿಂಟ್‌ಮೆಂಟ್ ಎಷ್ಟು ದಿನಕ್ಕೆ ಸಿಗುತ್ತದೆ ಅಂತ ಫೋನ್ ಮಾಡಿ. ಮನೆಯಿಂದ ಹತ್ತಿರದ ದೊಡ್ಡ ಆಸ್ಪತ್ರೆಗೆ ಬಸ್ಸಿನಲ್ಲಿ ಒಂದು ಸಲ ಸುಮ್ನೆ ಹೋಗಿ ಬನ್ನಿ, ಗಡಿಯಾರ ನೋಡಿಕೊಂಡು. ರಾತ್ರಿ ಹತ್ತಕ್ಕೆ ಒಬ್ಬರೇ ನಡೆದು ನೋಡಿ. ಕಿಟಕಿ ತೆರೆದು ಮಲಗಿ.

ಮೂರನೇ ವಾರದಲ್ಲಿ ಬೇಜಾರು ಬರುತ್ತದೆ. ಅದು ಬರಲೇಬೇಕು. ಆ ಬೇಜಾರಿನ ಭಾನುವಾರ ನೀವು ಏನು ಮಾಡಿದಿರಿ ಅಂತ ಬರೆದಿಡಿ. ಜರ್ಮನಿಯಲ್ಲಾದರೆ ಅಂಗಡಿಗಳೂ ಮುಚ್ಚಿರುತ್ತವೆ, ಶನಿವಾರವೇ ಹಾಲು ತಂದಿಟ್ಟುಕೊಂಡಿರಬೇಕು.

ಭಾಷೆಯ ಪರೀಕ್ಷೆಯೂ ಇದೇ ತಿಂಗಳಲ್ಲಿ ಆಗಿಬಿಡುತ್ತದೆ. ಪ್ರವಾಸಿ ಬೀದಿಯಲ್ಲಿ ಇಂಗ್ಲಿಷ್ ನಡೆಯುತ್ತದೆ, ಕರೆಂಟ್ ಕಚೇರಿಯಲ್ಲಿ ನಡೆಯುವುದಿಲ್ಲ. ಇಂಗ್ಲಿಷ್ ಮನೆಮಾತಿನವರು ಕೆಲಸಕ್ಕೆ ಸಾಕಾಗುವಷ್ಟು ಜಪಾನಿ ಕಲಿಯಲು ಸುಮಾರು 2,200 ಗಂಟೆ ತರಗತಿ ಬೇಕು ಅಂತ ಅಮೆರಿಕದ ವಿದೇಶಾಂಗ ಇಲಾಖೆಯ ತರಬೇತಿ ಸಂಸ್ಥೆಯೇ ಲೆಕ್ಕ ಹಾಕಿದೆ. ವಾರಕ್ಕೆ ಹತ್ತು ಗಂಟೆ ಕಲಿತರೂ ನಾಲ್ಕು ವರ್ಷ.

ಊರಿನವರಿಗೆ ಹೊಸಬರ ಬಗ್ಗೆ ಏನನ್ನಿಸುತ್ತದೆ ಅಂತಲೂ ಕಿವಿ ಕೊಡಿ. ಆಸ್ಟ್ರಿಯಾದ ಹಾಲ್‌ಸ್ಟಾಟ್ ಸರೋವರದ ದಡದ ಪುಟ್ಟ ಹಳ್ಳಿ, ಜನಸಂಖ್ಯೆ 800ಕ್ಕಿಂತ ಕಡಿಮೆ. ಜಂಗುಳಿಯ ದಿನಗಳಲ್ಲಿ ಬರುವವರು 10,000ದವರೆಗೆ. ಚೀನಾದ ಗುವಾಂಗ್‌ಡಾಂಗ್‌ನಲ್ಲಿ 2012ರಲ್ಲಿ ಅದರದೇ ನಕಲು ಊರನ್ನು ಕಟ್ಟಿದರು. 2023ರಲ್ಲಿ ಹಾಲ್‌ಸ್ಟಾಟ್‌ನವರಿಗೆ ಎಷ್ಟು ಸಾಕಾಗಿತ್ತೆಂದರೆ, ಎಲ್ಲರೂ ಸೆಲ್ಫಿ ತೆಗೆಯುವ ಜಾಗದಲ್ಲಿ ನೋಟಕ್ಕೆ ಅಡ್ಡಲಾಗಿ ಮರದ ಬೇಲಿ ಹಾಕಿದರು. ಗಲಾಟೆಯಾದ ಮೇಲೆ ತೆಗೆದರು ಅನ್ನಿ. ವೆನಿಸ್‌ನ ಹಳೇ ದ್ವೀಪದಲ್ಲಿ 1950ರ ಸುಮಾರಿಗೆ 1.7 ಲಕ್ಷಕ್ಕೂ ಹೆಚ್ಚು ಜನ ಇದ್ದರು, 2022ರಲ್ಲಿ 50,000ಕ್ಕಿಂತ ಕೆಳಗೆ ಇಳಿದರು. ಪ್ರವಾಸಿಗರಿಗೆ ಕೊಡುವ 10,101 ಫ್ಲ್ಯಾಟ್‌ಗಳ ಲೈಸೆನ್ಸನ್ನು 2028ರ ನವೆಂಬರ್‌ನೊಳಗೆ ಮುಗಿಸುವುದಾಗಿ ಬಾರ್ಸಿಲೋನಾ ಹೇಳಿದೆ. ಇಂಥ ಊರಿಗೆ ಹೋಗಬಾರದು ಅಂತಲ್ಲ. ನೀವು ಬಾಡಿಗೆಗೆ ಹಿಡಿದ ಮನೆಯಲ್ಲಿ ಹೋದ ವರ್ಷ ಯಾರಿದ್ದರು ಅನ್ನೋದು ಪಕ್ಕದ ಮನೆಯವರಿಗೆ ನೆನಪಿರುತ್ತದೆ, ಅಷ್ಟೇ.

7. ಮನೆ ಕೊಳ್ಳುವ ಆತುರ ಬೇಡ

ಕನಿಷ್ಠ ಒಂದು ವರ್ಷ ಬಾಡಿಗೆಗೆ ಇರಿ. ನಾಲ್ಕೂ ಕಾಲ ಕಳೆಯಲಿ.

ಎಷ್ಟೋ ಕಡೆ ಹೊರದೇಶದವರು ಕೊಳ್ಳಲು ಕಾನೂನೇ ಬಿಡುವುದಿಲ್ಲ. ನ್ಯೂಜಿಲೆಂಡ್ 2018ರಲ್ಲಿ ಬಹುತೇಕ ವಿದೇಶಿಯರಿಗೆ ಮನೆ ಮಾರುವುದನ್ನು ನಿಲ್ಲಿಸಿತು. ಕೆನಡಾ 2023ರಲ್ಲಿ ಹಾಕಿದ ನಿಷೇಧವನ್ನು 2027ರ ಆರಂಭದವರೆಗೆ ಮುಂದುವರಿಸಿತು. ಆಸ್ಟ್ರೇಲಿಯಾ 2025ರ ಏಪ್ರಿಲ್‌ನಿಂದ ಎರಡು ವರ್ಷ ಹಳೇ ಮನೆಗಳನ್ನು ಮಾರುವಂತಿಲ್ಲ ಅಂದಿದೆ. ಥಾಯ್ಲೆಂಡಿನಲ್ಲಿ ವಿದೇಶಿಯರ ಹೆಸರಿಗೆ ಜಮೀನು ಆಗುವುದಿಲ್ಲ. ಫ್ಲ್ಯಾಟ್ ಕೊಳ್ಳಬಹುದು, ಅದೂ ಒಂದು ಕಟ್ಟಡದ ಒಟ್ಟು ಜಾಗದಲ್ಲಿ ವಿದೇಶಿಯರ ಪಾಲು ಶೇ 49 ದಾಟುವಂತಿಲ್ಲ. ಸ್ಥಳೀಯರೊಬ್ಬರ ಹೆಸರಲ್ಲಿ ಮಾಡಿಸಿಕೊಡ್ತೀವಿ ಅಂತ ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬನ್ನಿ.

ಇನ್ನು ಇಟಲಿಯ 1 ಯೂರೋ ಮನೆ. ಸುಳ್ಳಲ್ಲ. ಸಿಸಿಲಿಯ ಸಂಬೂಕಾ ಊರು 2019ರಲ್ಲಿ 16 ಪಾಳು ಮನೆಗಳನ್ನು ಹರಾಜಿಗಿಟ್ಟಿತು. 1 ಯೂರೋ ಅನ್ನೋದು ಹರಾಜು ಶುರುವಾಗುವ ಬೆಲೆ. ಗೆದ್ದವರು 5,000 ಯೂರೋ ಠೇವಣಿ ಇಟ್ಟು, ಮೂರು ವರ್ಷದಲ್ಲಿ ರಿಪೇರಿ ಮುಗಿಸಬೇಕು. ನಿಜವಾದ ಖರ್ಚು ಚಾವಣಿ, ಪೈಪು, ವೈರಿಂಗ್‌ನಲ್ಲಿ. ಜಪಾನಿನಲ್ಲೂ 2023ರ ಸಮೀಕ್ಷೆಯ ಪ್ರಕಾರ ಸುಮಾರು 90 ಲಕ್ಷ ಖಾಲಿ ಮನೆಗಳಿವೆ, ಕೆಲವು ತೀರಾ ಕಡಿಮೆ ಬೆಲೆಗೆ ಸಿಗುತ್ತವೆ. ವಿದೇಶಿಯರೂ ಕೊಳ್ಳಬಹುದು. ಆದರೆ ಮನೆ ಪತ್ರ ವೀಸಾ ಆಗುವುದಿಲ್ಲ. ನಿಮ್ಮದೇ ಮನೆಗೆ ನೀವೇ ಪ್ರವಾಸಿಯಾಗಿ ಹೋಗಿ ಬರಬೇಕು.

ಬಾಡಿಗೆ ಮನೆಗೂ ಅದರದೇ ರೀತಿ ಇರುತ್ತದೆ. ಜರ್ಮನಿಯಲ್ಲಿ ಎಷ್ಟೋ ಮನೆಗಳು ಅಡುಗೆಮನೆ ಸಾಮಾನು ಇಲ್ಲದೆ ಬರುತ್ತವೆ. ಒಲೆ, ಕಪಾಟು ಬಿಡಿ, ಕೆಲವೊಮ್ಮೆ ಸಿಂಕ್ ಕೂಡ ಇರುವುದಿಲ್ಲ. ಗೋಡೆಯಲ್ಲಿ ಎರಡು ಪೈಪು ಮಾತ್ರ ಕಾಣುತ್ತವೆ. ಮನೆಗೆ ಬಂದ ಎರಡು ವಾರದಲ್ಲಿ ವಿಳಾಸ ನೋಂದಾಯಿಸಬೇಕು, ಅದಕ್ಕೆ ಮಾಲೀಕರ ಸಹಿಯ ಪತ್ರ ಬೇಕು. ಆ ನೋಂದಣಿ ಆಗದೆ ಬೇರೆ ಕಾಗದ ಪತ್ರಗಳು ಮುಂದೆ ಹೋಗುವುದಿಲ್ಲ. ಪೋರ್ಚುಗಲ್‌ನಲ್ಲಾದರೆ ಬಾಡಿಗೆ ಕರಾರಿಗೂ ಕರೆಂಟ್ ಸಂಪರ್ಕಕ್ಕೂ ಮೊದಲು ತೆರಿಗೆ ನಂಬರ್ ಕೇಳುತ್ತಾರೆ. ಯಾವ ಕಾಗದ ಮೊದಲು, ಯಾವುದು ಆಮೇಲೆ ಅಂತ ಹೋಗುವ ಮುಂಚೆಯೇ ಕೇಳಿ ತಿಳಿದುಕೊಳ್ಳಿ.

8. ಹೊರಡುವ ಮುಂಚೆ

ಜನನ ಪತ್ರ, ಮದುವೆ ಪತ್ರ, ಪದವಿ ಪತ್ರಗಳಿಗೆ, ಅವುಗಳ ಸಹಿ, ಮೊಹರು ಅಸಲಿ ಅಂತ ಸರ್ಕಾರ ಹಾಕುವ ಅಪೋಸ್ಟಿಲ್ ಮುದ್ರೆ ಹಾಕಿಸಿ. 1961ರ ಹೇಗ್ ಒಪ್ಪಂದಕ್ಕೆ ಸೇರಿದ ದೇಶಗಳಲ್ಲಿ ಈ ಒಂದು ಮುದ್ರೆ ಇದ್ದರೆ ದೂತಾವಾಸದ ದೃಢೀಕರಣ ಬೇಕಾಗುವುದಿಲ್ಲ. ಅಲ್ಲಿ ಹೋದ ಮೇಲೆ ಮಾಡಿಸುತ್ತೇನೆ ಅಂದರೆ ಆಗುವುದಿಲ್ಲ, ಪತ್ರ ಕೊಟ್ಟ ದೇಶದಲ್ಲೇ ಮುದ್ರೆ ಬೀಳಬೇಕು. ಪೊಲೀಸ್ ಕ್ಲಿಯರೆನ್ಸ್ ಪತ್ರವನ್ನು ಮಾತ್ರ ತೀರಾ ಬೇಗ ತೆಗೆಯಬೇಡಿ. ಕೆಲವೇ ತಿಂಗಳಲ್ಲಿ ಅದು ಹಳೆಯದಾಯಿತು ಅನ್ನುತ್ತಾರೆ.

ಮೂಲ ಪತ್ರಗಳು ಕೈಚೀಲದಲ್ಲಿರಲಿ, ಲಗೇಜಿನಲ್ಲಿ ಬೇಡ. ಹಳೇ ಊರಿನ ಬ್ಯಾಂಕ್ ಖಾತೆ ಮುಚ್ಚಬೇಡಿ, ಒಟಿಪಿ ಬರುವ ಫೋನ್ ನಂಬರನ್ನಂತೂ ಬಿಡಲೇಬೇಡಿ. ವಾಪಸ್ ಬರುವ ಟಿಕೆಟ್ ಮತ್ತು ಮೂರು ತಿಂಗಳ ಖರ್ಚಿನಷ್ಟು ದುಡ್ಡನ್ನು ಬೇರೆಯೇ ಖಾತೆಯಲ್ಲಿಡಿ. 2025ರ ಫೆಬ್ರವರಿಯಲ್ಲಿ ಗ್ರೀಸ್‌ನ ಸ್ಯಾಂಟೊರಿನಿ ದ್ವೀಪದಲ್ಲಿ ಮೇಲಿಂದ ಮೇಲೆ ಭೂಮಿ ನಡುಗಿದಾಗ 10,000ಕ್ಕೂ ಹೆಚ್ಚು ಜನ ಕೆಲವೇ ದಿನಗಳಲ್ಲಿ ದೋಣಿ, ವಿಮಾನ ಹತ್ತಿ ಹೊರಟರು. ಜಗತ್ತಿನ ಅರ್ಧ ಜನ ಗೋಡೆಗೆ ಅಂಟಿಸಿಕೊಂಡಿರುವ ಆ ಬಿಳಿ ಗೋಡೆ, ನೀಲಿ ಗುಮ್ಮಟದ ಫೋಟೋ ಆ ದ್ವೀಪದ್ದೇ.